ದೊರೆಯ ಬೆರಳುಗಳು

ಗಂಡನಿಗೆ ದೊರೆ ಅಂತ ಹೆಸರಿಟ್ಟವಳು ಬೇಕರಿಯಮ್ಮನೇ. ಮಗಳು ಎರಡನೇ ಕ್ಲಾಸಿನಲ್ಲಿದ್ದ ವರ್ಷ ಅವರು ಹಿಟ್ಟಿನ ಮೇಜು ಬಿಟ್ಟು ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಗೆ ಹೋಗಿ ಕೂತರು. ಮೊದಮೊದಲು "ಇವತ್ತೊಂದು ದಿನ ನೀನೇ ನೋಡ್ಕೋ" ಅಂದರು, ಆಮೇಲಾಮೇಲೆ ಅದನ್ನೂ ಅನ್ನಲಿಲ್ಲ. ಮೈದಾ ಮೂಟೆ ಎಳೆಯುವುದರಿಂದ ಹಿಡಿದು ಕಾದ ಟ್ರೇ ಈಚೆಗೆ ತೆಗೆಯುವವರೆಗೆ ಎಲ್ಲ ಬೇಕರಿಯಮ್ಮನ ತಲೆಗೆ ಬಂತು. "ನಮ್ಮನೆಯವರು ದೊರೆ ಕಣ್ರೀ, ಕೈಗೆ ಹಿಟ್ಟು ಅಂಟಿದ್ರೆ ಮಾನ ಹೋಗುತ್ತೆ" ಅಂತ ಅವಳು ಒಂದು ದಿನ ಗಿರಾಕಿಗಳ ಮುಂದೆ ಆಡಿದ ಮಾತು ಇಡೀ ಬೀದಿಗೆ ರುಚಿಸಿತು. ಹಾಲಿನವನಿಂದ ಪೇಪರಿನವನವರೆಗೆ ಎಲ್ಲರ ಬಾಯಲ್ಲೂ ಅವರು ದೊರೆಯಾದರು. ಅವರು ಅದಕ್ಕೂ ಸಣ್ಣಗೆ ನಕ್ಕು, ಚಿಲ್ಲರೆ ಕೊಡುತ್ತಾ ಕೂತಿರುತ್ತಿದ್ದರು. ಆ ಚಿಲ್ಲರೆಯನ್ನೂ ಎರಡು ಸಲ ಬೀಳಿಸುವರು.

ಕೆಳಗೆ ಬೇಕರಿ, ಮೇಲೆ ಎರಡು ಕೋಣೆಯ ಮನೆ. ಮಗಳು, ಬಸ್ ಓಡಿಸುವ ಅಳಿಯ, ಹದಿಮೂರು ವರ್ಷದ ಮೊಮ್ಮಗಳು ಗುಬ್ಬಿ ಎಲ್ಲ ಅಲ್ಲೇ. ಬೇಕರಿಯಮ್ಮನ ಮಂಡಿ ಸವೆದ ಮೇಲೆ ಮೇಜು ಮಗಳ ಪಾಲಿಗೆ ಬಂದಿತ್ತು. ಹಿಟ್ಟು ಕಲೆಸಲು ಮಷಿನ್ ಇದ್ದರೂ, ತುಂಡು ಮಾಡಿ ಅಂಗೈಯಲ್ಲಿ ಉರುಟಿ ಬನ್ನಿಗೆ ಆಕಾರ ಕೊಡುವುದು ಕೈಯೇ ತಾನೆ. ಮಗಳು ಎರಡು ಕೈಯಲ್ಲಿ ಒಟ್ಟಿಗೇ ಎರಡು ಬನ್ನು ಉರುಟುವವಳು. ತೂಗಿ ನೋಡಿದರೆ ಒಂದಕ್ಕೊಂದು ಕೂದಲೆಳೆಯ ವ್ಯತ್ಯಾಸ ಇರುತ್ತಿರಲಿಲ್ಲ.

ಆ ಕೈ ಕೆಟ್ಟಿತು. ಮೊದಲು ಬೆಳಿಗ್ಗೆ ಎದ್ದು ಕಾಲು ನೆಲಕ್ಕಿಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಗುತ್ತಿತ್ತು. ಚಪ್ಪಲಿ ಸರಿಯಿಲ್ಲ ಅಂದುಕೊಂಡರು. ಆಮೇಲೆ ಬಲಗೈಯ ಉಂಗುರದ ಬೆರಳು ಬುಡದಿಂದ ತುದಿಯವರೆಗೆ ಊದಿತು; ಅದು ಇಳಿಯುವ ಮೊದಲೇ ಎಡಗೈಯ ಎರಡು. ಉಗುರಿನ ಮೇಲೆ ಗುಂಡುಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿ. ಮೊಣಕೈಯ ಮೇಲೆ ಮೊದಲಿಂದಲೂ ಇದ್ದ, ಮುಲಾಮು ಹಚ್ಚಿ ಮರೆಯುತ್ತಿದ್ದ ಕೆಂಪು ಹೊಪ್ಪಳೆ ಈಗ ಮಣಿಕಟ್ಟಿಗೂ ಇಳಿಯಿತು.

ಒಂದು ಬೆಳಿಗ್ಗೆ ಎದುರು ಮನೆಯ ಟೀಚರಮ್ಮ ಅರ್ಧ ಗಂಟೆ ಹಿಂದೆ ಕೊಂಡುಹೋಗಿದ್ದ ಆರು ಬನ್ನು ವಾಪಸ್ ತಂದಿಟ್ಟರು.

"ತಪ್ಪು ತಿಳ್ಕೋಬೇಡಿ. ಮಕ್ಕಳಿರೋ ಮನೆ. ನಿಮ್ಮ ಮಗಳ ಕೈ ನೋಡಿದೆ..."

"ಇದು ಅಂಟೋ ಕಾಯಿಲೆ ಅಲ್ಲ ಟೀಚರ್" ಅಂದಳು ಮಗಳು, ಕೈಯನ್ನು ಏಪ್ರನ್ನಿನ ಹಿಂದೆ ಸರಿಸುತ್ತಾ. "ಡಾಕ್ಟರೇ ಹೇಳಿದಾರೆ."

"ಇರಬಹುದಮ್ಮ. ಆದ್ರೂ..."

ಬೇಕರಿಯಮ್ಮನ ನಾಲಿಗೆ ಇನ್ನೇನು ಒರೆಯಿಂದ ಹೊರಬರಬೇಕು, ಅಷ್ಟರಲ್ಲಿ ದೊರೆ ದುಡ್ಡು ವಾಪಸ್ ಕೊಟ್ಟರು. ಕೊಟ್ಟು, ಆ ಪೊಟ್ಟಣದಿಂದಲೇ ಒಂದು ಬನ್ನು ತೆಗೆದು ಟೀಚರಮ್ಮನ ಎದುರಿಗೇ ನಿಧಾನವಾಗಿ ತಿನ್ನತೊಡಗಿದರು. ಟೀಚರಮ್ಮ ತಲೆ ತಗ್ಗಿಸಿಕೊಂಡು ರಸ್ತೆ ದಾಟಿದರು.

ಕೀಲಿನ ಡಾಕ್ಟರಮ್ಮ ಕಾಯಿಲೆಗೆ ಹೆಸರು ಕೊಟ್ಟರು: ಸೋರಿಯಾಟಿಕ್ ಆರ್ಥ್ರೈಟಿಸ್. ಚರ್ಮದ್ದೂ ಕೀಲಿನದ್ದೂ ಒಂದೇ ಬೇರು. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಮೈಯನ್ನು ಕಡಿಯುತ್ತಿದೆ ಅಂದರು. ವಾರಕ್ಕೊಂದು ದಿನ ನುಂಗುವ ಮಾತ್ರೆ ನಾಲ್ಕು ತಿಂಗಳು ನಡೆಯಿತು. ಮಾತ್ರೆಯ ಮಾರನೇ ದಿನ ಮಗಳು ಬೆಣ್ಣೆಯ ವಾಸನೆಗೇ ಬಚ್ಚಲಿಗೆ ಓಡುತ್ತಿದ್ದಳು. ಬೆರಳು ಮಾತ್ರ ಊದಿದ್ದು ಊದಿದ ಹಾಗೇ. ಕೊನೆಗೆ ಡಾಕ್ಟರಮ್ಮ, "ಇನ್ನು ಕಾಯೋದು ಬೇಡ, ಬಯಾಲಜಿಕ್ ಇಂಜೆಕ್ಷನ್ ಶುರು ಮಾಡೋಣ" ಅಂದರು.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಗುಬ್ಬಿ ಆಸ್ಪತ್ರೆಯಲ್ಲಿ ಕೊಟ್ಟಿದ್ದ ಕಾಗದ ಬಿಡಿಸಿ ಗಟ್ಟಿಯಾಗಿ ಓದಿದಳು. "ಸೋಂಕು ತಗಲುವ ಸಾಧ್ಯತೆ ಹೆಚ್ಚು. ಕ್ಷಯದ ಪರೀಕ್ಷೆ ಕಡ್ಡಾಯ. ಜ್ವರ ಬಂದರೆ ಇಂಜೆಕ್ಷನ್ ನಿಲ್ಲಿಸಿ ವೈದ್ಯರನ್ನು..."

"ಸಾಕು ನಿಲ್ಸು" ಅಂದಳು ಬೇಕರಿಯಮ್ಮ. "ಊಟದ ಹೊತ್ತಲ್ಲಿ ಓದೋ ಪುರಾಣವಾ ಇದು? ಬೆರಳು ನೋವು ಅಂದ್ರೆ ಮೈಯ ಕಾವಲನ್ನೇ ಕಿತ್ತುಹಾಕ್ತಾರಂತೆ. ಇಲಿ ಬಂತು ಅಂತ ಮನೆಗೇ ಬೆಂಕಿ ಇಡ್ತಾರಾ?"

"ಕಿತ್ತುಹಾಕಲ್ಲ ಅತ್ತೆ, ಸ್ವಲ್ಪ ತಗ್ಗಿಸ್ತಾರೆ" ಅಂದ ಅಳಿಯ. "ನಮ್ಮ ಕಂಪನಿ ವಿಮೆಯಲ್ಲಿ ಮುಕ್ಕಾಲು ಪಾಲು ಬರುತ್ತೆ. ಕಾಗದ ಎಲ್ಲ ಕೊಟ್ಟಾಗಿದೆ."

"ದುಡ್ಡಿನ ಮಾತಲ್ಲಪ್ಪ. ನಾನೂ ಮೂವತ್ತು ವರ್ಷ ಮೂಟೆ ಹೊತ್ತೆ. ನನಗೂ ಕೈ ನೋಯ್ತು, ಕಾಲು ನೋಯ್ತು. ಬಿಸಿನೀರಲ್ಲಿ ಅದ್ದಿ ಮತ್ತೆ ಕೆಲಸಕ್ಕೆ ನಿಂತೆ."

ಮಗಳು ಚಮಚ ಕೆಳಗಿಟ್ಟಳು. ಊದಿದ ಬೆರಳುಗಳಿಂದಾಗಿ ಅವಳು ಮಕ್ಕಳ ಹಾಗೆ ಮುಷ್ಟಿಯಲ್ಲಿ ಚಮಚ ಹಿಡಿಯುತ್ತಿದ್ದಳು. "ಅಮ್ಮಾ, ಇವತ್ತು ಬೆಳಿಗ್ಗೆ ರವಿಕೆ ಗುಂಡಿ ಹಾಕಿಕೊಟ್ಟಿದ್ದು ಯಾರು ಗೊತ್ತಾ? ಗುಬ್ಬಿ. ನಾನು ಅವಳಿಗೆ ಜಡೆ ಹಾಕ್ಬೇಕು, ಅವಳು ನನಗೆ ಗುಂಡಿ ಹಾಕ್ತಾಳೆ. ಇದು ಬಿಸಿನೀರಿಗೆ ಹೋಗೋ ನೋವಲ್ಲ."

"ಹಾಕಿಸ್ಕೊಳ್ಳಲಿ" ಅಂದರು ದೊರೆ. ಊಟದ ಹೊತ್ತಲ್ಲಿ ಅವರು ಬಾಯಿಬಿಡುವುದೇ ಅಪರೂಪ. "ತಡ ಮಾಡೋದು ಬೇಡ. ನಾಳೆಗೇ ಹಾಕಿಸ್ಕೊಳ್ಳಲಿ."

ಬೇಕರಿಯಮ್ಮ ಗಂಡನ ಕಡೆ ತಿರುಗಿದಳು. "ದೊರೆಗಳು ಅಪ್ಪಣೆ ಕೊಡಿಸಿದ್ರು. ದುಡಿಯೋ ಕೈ ಅಂದ್ರೇನು ಅಂತ ನಿಮಗೇನ್ರೀ ಗೊತ್ತು?"

ಅವರು ತಟ್ಟೆಯನ್ನು ಎರಡು ಅಂಗೈಗಳ ನಡುವೆ ಹಿಡಿದು ಎತ್ತಿಕೊಂಡು ಒಳಗೆ ಹೋದರು.

ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ ಎಲ್ಲ ಮುಗಿದು, ಒಂದು ಮಂಗಳವಾರ, ಅಂದರೆ ಬೇಕರಿಯ ರಜೆಯ ದಿನ, ಮೊದಲ ಇಂಜೆಕ್ಷನ್ ಬಂತು. ದಪ್ಪ ಪೆನ್ನಿನ ಹಾಗಿತ್ತು. ತೊಡೆಗೆ ಒತ್ತಿ ಹಿಡಿದು ಹತ್ತು ಎಣಿಸಿದರೆ ಮುಗಿಯಿತು. ಎರಡು ವಾರಕ್ಕೊಂದು. ಉಳಿದವನ್ನು ಫ್ರಿಜ್ಜಿನಲ್ಲಿಡಬೇಕು. ಮನೆಯ ಫ್ರಿಜ್ಜು ಹಳೆಯದು, ಒಮ್ಮೆ ಮಂಜುಗಡ್ಡೆ, ಒಮ್ಮೆ ಬಿಸಿನೀರು. ಹಾಗಾಗಿ ಪೆನ್ನಿನ ಡಬ್ಬಿ ಕೆಳಗೆ ಬೇಕರಿಯ ಫ್ರಿಜ್ಜಿನಲ್ಲಿ, ಬೆಣ್ಣೆಯ ಇಟ್ಟಿಗೆಗಳ ಪಕ್ಕ ಕೂತಿತು. "ಬೆಣ್ಣೆ ಅಂತ ಹಚ್ಚಿಬಿಟ್ಟೀರಾ ಅಜ್ಜಿ" ಅಂತ ಗುಬ್ಬಿ ಅದರ ಮೇಲೆ ಕೆಂಪು ಶಾಯಿಯಲ್ಲಿ 'ಅಮ್ಮಂದು' ಅಂತ ಬರೆದಳು.

ಎರಡನೇ ಪೆನ್ನಿಗೆ ಏನೂ ಆಗಲಿಲ್ಲ. "ನಾನು ಹೇಳಿರಲಿಲ್ವಾ" ಅಂದಳು ಬೇಕರಿಯಮ್ಮ. ಮೂರನೆಯದು ಹಾಕಿಕೊಂಡ ವಾರ, ಅವಳು ಉಪ್ಪಿನಕಾಯಿ ಸೀಸೆಯ ಮುಚ್ಚಳದ ಜತೆ ಗುದ್ದಾಡುತ್ತಿದ್ದಾಗ ಮಗಳು ಬಂದು ಸೀಸೆ ಇಸಕೊಂಡು, ಟಕ್ ಅಂತ ತೆಗೆದು ಕೊಟ್ಟು ಹೋದಳು. ಹೋದವಳು ಬಾಗಿಲಲ್ಲೇ ನಿಂತು ತನ್ನ ಕೈ ನೋಡಿಕೊಂಡಳು. ತಾಯಿಯೂ ನೋಡಿದಳು. ಐದನೆಯದರ ಹೊತ್ತಿಗೆ ಮಣಿಕಟ್ಟಿನ ಹೊಪ್ಪಳೆ ಉದುರಿ ಗುಲಾಬಿ ಬಣ್ಣದ ಕಲೆ ಉಳಿದಿತ್ತು, ಬೆರಳುಗಳಲ್ಲಿ ಗೆಣ್ಣು ಕಾಣುತ್ತಿತ್ತು, ಮೇಜಿನ ಮೇಲೆ ಎರಡು ಬನ್ನು ಒಟ್ಟಿಗೇ ಉರುಳುತ್ತಿದ್ದವು. ಬೇಕರಿಯಮ್ಮನಿಗೆ ಸೋತಿದ್ದಕ್ಕೆ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಮೂರು ತಿಂಗಳಿಗೆ ಮತ್ತೆ ತೋರಿಸಬೇಕಿತ್ತು. ಅಳಿಯನಿಗೆ ಡ್ಯೂಟಿ. ತಾಯಿ ಮಗಳ ಜತೆ ದೊರೆಯೂ ಹೊರಟರು, ಫೈಲು ಹಿಡಿದುಕೊಳ್ಳಲು.

ಡಾಕ್ಟರಮ್ಮ ಮಗಳ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ ಸಂತೋಷಪಟ್ಟರು. ಫೈಲಿಗೆ ಕೈ ಚಾಚಿದರು. ದೊರೆ ಕೊಟ್ಟರು. ಡಾಕ್ಟರಮ್ಮ ಫೈಲು ತೆಗೆದುಕೊಳ್ಳಲಿಲ್ಲ; ಅವರ ಕೈಯನ್ನೇ ಹಿಡಿದುಕೊಂಡರು.

"ಇವರು ನಿಮಗೇನಾಗಬೇಕು?"

"ನಮ್ಮಪ್ಪ."

"ಮನೆಯಲ್ಲಿ ಬೇರೆ ಯಾರಿಗೂ ಇಲ್ಲ ಅಂದಿದ್ರಲ್ಲಮ್ಮ!"

ಅವರು ದೊರೆಯನ್ನು ಕೂರಿಸಿ, ಕನ್ನಡಕ ಏರಿಸಿಕೊಂಡು, ದೀಪ ಹತ್ತಿರ ಎಳೆದರು. ಹಳದಿಗಟ್ಟಿ ದಪ್ಪಗಾದ ಉಗುರುಗಳು. ತುದಿಯ ಗೆಣ್ಣಿನಿಂದ ಒಂದೊಂದು ಒಂದೊಂದು ದಿಕ್ಕಿಗೆ ತಿರುಗಿದ ಬೆರಳುಗಳು. ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ ಬಿಳಿ ಹೊಟ್ಟು. ಕಾಲುಚೀಲ ಬಿಚ್ಚಿಸಿದರೆ ಹಿಮ್ಮಡಿಯ ನರ ಹಗ್ಗದ ಹಾಗೆ ಊದಿತ್ತು. ನಲವತ್ತೈದು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳು ಆ ಕಾಲನ್ನು ಈಗ ಮೊದಲ ಸಲ ನೋಡಿದ ಹಾಗೆ ನೋಡಿದಳು.

"ಎಷ್ಟು ವರ್ಷದಿಂದ ಹೀಗಿದೆ?"

"ಇವಳು ಎರಡನೇ ಕ್ಲಾಸಿನಲ್ಲಿದ್ದಳು" ಅಂದರು ದೊರೆ, ಮಗಳ ಕಡೆ ಗದ್ದ ತೋರಿಸಿ. "ಮೂವತ್ತೊಂದು ವರ್ಷ."

"ಯಾರಿಗೂ ತೋರಿಸಲಿಲ್ವಾ?"

"ಆಗ ಒಬ್ಬರಿಗೆ ತೋರಿಸಿದ್ದೆ. ವಾತ ಅಂದ್ರು. ನೋವಿನ ಮಾತ್ರೆ ಕೊಟ್ರು. ಹೊಟ್ಟೆ ಉರಿ ಬಂತು, ಬಿಟ್ಟೆ."

 ಮನೆಗೆ ಬಂದು ಕಾಫಿ ಲೋಟ ಗಂಡನ ಮುಂದಿಟ್ಟ ಮೇಲೆ ಬೇಕರಿಯಮ್ಮನಿಗೆ ತಡೆಯಲಾಗಲಿಲ್ಲ.

"ಬಾಯಿ ಸತ್ತುಹೋಗಿತ್ತಾ ನಿಮಗೆ? ನೋಯುತ್ತೆ ಅಂತ ನನ್ನ ಹತ್ರ ಒಂದು ಮಾತು ಹೇಳ್ಬಾರದಿತ್ತಾ?"

"ಹೇಳಿದ್ದೆ."

"ಯಾವಾಗ?"

"ಅವತ್ತು ರಸ್ಕಿನ ಟ್ರೇ ಕೈ ಜಾರಿ ಬಿತ್ತಲ್ಲ, ಮದುವೆ ಮನೆ ಆರ್ಡರಿಂದು. ಬೆರಳು ಹಿಡಿತಾ ಇಲ್ಲ ಕಣೇ ಅಂದೆ." ಅವರು ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು ಒಂದು ಗುಟುಕು ಕುಡಿದರು. "ನೀನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. 'ನನಗೇನು ಕಬ್ಬಿಣದ ಕೈಯಾ' ಅಂತ ನೀನಂದೆ. ನಿಜವೇ ಅನ್ನಿಸ್ತು. ಮತ್ತೆ ಹೇಳಲಿಲ್ಲ."

ಬೇಕರಿಯಮ್ಮನಿಗೆ ಟ್ರೇ ಬಿದ್ದದ್ದು ನೆನಪಿತ್ತು. ತಾನು ಅಂದದ್ದು ನೆನಪಿರಲಿಲ್ಲ. ಮಾತು ಆಡಿದವರಿಗೆ ಮರೆತುಹೋಗುತ್ತದೆ, ಕೇಳಿಸಿಕೊಂಡವರು ಹೊತ್ತು ತಿರುಗಬೇಕು.

ಡಾಕ್ಟರಮ್ಮ ಇವರೂ ಬರಲಿ ಅಂದಿದ್ದರು. ತಿರುಗಿದ ಬೆರಳು ನೆಟ್ಟಗಾಗುವುದಿಲ್ಲ, ಆದರೆ ಒಳಗಿನ ಉರಿ ಇನ್ನೂ ಆರಿಲ್ಲ, ನೋವು ಇಳಿಸಬಹುದು ಅಂತ. ದೊರೆ ಒಪ್ಪಲಿಲ್ಲ. "ಅರವತ್ತೆಂಟು ಆಯ್ತು. ಇನ್ನು ಯಾವ ಬನ್ನು ಉರುಟಬೇಕು ನಾನು?" ಮಗಳು ಹೇಳಿದಳು, ಅಳಿಯ ಹೇಳಿದ, ಗುಬ್ಬಿ ಮುನಿಸಿಕೊಂಡು ಒಂದು ಹೊತ್ತು ಊಟ ಬಿಟ್ಟಳು. ಅವರು ಜಗ್ಗಲಿಲ್ಲ.

ಬೇಕರಿಯಮ್ಮ ಮಾತ್ರ ಅವರನ್ನು ನೋಡತೊಡಗಿದ್ದಳು. ಬೆಳಿಗ್ಗೆ ಎದ್ದು ಅವರು ಮಂಚದ ಅಂಚಿನಲ್ಲಿ ಮುಕ್ಕಾಲು ಗಂಟೆ ಕೂರುವುದನ್ನು. ಸೋಮಾರಿತನ ಅಂದುಕೊಂಡಿದ್ದಳು, ಅದು ಕೈಕಾಲು ಬಿಡಿಸಿಕೊಳ್ಳುವ ಹೊತ್ತು. ಮೆಟ್ಟಿಲನ್ನು ಅಡ್ಡಡ್ಡ ಇಳಿಯುವುದನ್ನು. ಗಾಂಭೀರ್ಯ ಅಂತ ಬೀದಿಯವರು ನಗುತ್ತಿದ್ದರು. ಅದು ಹಿಮ್ಮಡಿ ಊರದಿರುವ ಉಪಾಯ.  ಎಂಟು ದಿನ ತಡೆದಳು. ಒಂಬತ್ತನೇ ದಿನ ಬೆಳಿಗ್ಗೆ ಬೆಣ್ಣೆ ತೆಗೆಯುವ ನೆಪದಲ್ಲಿ ಫ್ರಿಜ್ಜು ತೆರೆದು, 'ಅಮ್ಮಂದು' ಅಂತ ಬರೆದಿದ್ದ ಡಬ್ಬಿಯಲ್ಲಿ ಉಳಿದಿದ್ದ ಒಂದು ಪೆನ್ನು ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಜೇಬಿಗೆ ಹಾಕಿಕೊಂಡದ್ದೇನೋ ಆಯಿತು, ಅಷ್ಟರಲ್ಲಿ ಗಿರಾಕಿಗಳು ಬಂದರು. ಒಲೆಯ ಬಾಯಿಗೆ ನಿಂತು ಹದಿನಾಲ್ಕು ಟ್ರೇ ಬನ್ನು ತೆಗೆದಳು. ಮಧ್ಯಾಹ್ನ ಅಂಗಡಿ ಅರ್ಧ ಬಾಗಿಲು ಹಾಕಿದ ಮೇಲೆ ಮಹಡಿಗೆ ಹೋಗಿ, ಕೋಣೆಯ ಚಿಲಕ ಹಾಕಿ, ಗಂಡನ ಮುಂದೆ ಪೆನ್ನು ಹಿಡಿದಳು.

"ಪಂಚೆ ಸರಿಸಿ. ತೊಡೆಗೆ ಒತ್ತಿದರೆ ಹತ್ತು ಎಣಿಸೋದ್ರಲ್ಲಿ ಮುಗಿಯುತ್ತೆ. ಅವಳಿಗೆ ಹಾಕೋದನ್ನ ನೋಡಿದೀನಿ."

ದೊರೆ ಪೆನ್ನನ್ನೂ ಅವಳ ಮುಖವನ್ನೂ ನೋಡಿದರು. "ಇದು ಮಗಳದ್ದಲ್ವಾ?"

"ಅವಳಿಗೆ ವಾಸಿಯಾಗಿದೆ. ಒಂದು ತಪ್ಪಿದ್ರೆ ಏನಾಗಲ್ಲ."

"ಯಾರು ಹೇಳಿದ್ರು?"

"ನಾನು ಹೇಳ್ತಿದ್ದೀನಿ. ಸುಮ್ನೆ ಕಾಲು ಚಾಚಿ."

ಅವಳು ಮುಂದಕ್ಕೆ ಬಾಗಿದಾಗ ಅವರು ಅವಳ ಮಣಿಕಟ್ಟು ಹಿಡಿದರು. ಆ ಸೊಟ್ಟ ಬೆರಳುಗಳಲ್ಲಿ ಅಷ್ಟು ಹಿಡಿತ ಇದ್ದೀತು ಅಂತ ಅವಳು ಎಣಿಸಿರಲಿಲ್ಲ. ಹಿಡಿದದ್ದಕ್ಕೆ ಅವರ ಮುಖದಲ್ಲಿ ಬೆವರು ಒಡೆಯಿತು, ಆದರೂ ಬಿಡಲಿಲ್ಲ. "ಅವಳ ಕೈ ಈಗ ತಾನೇ ಬಂದಿದೆ ಕಣೇ. ಅದನ್ನ ಕಿತ್ತು ನನಗೆ ಹಾಕ್ತೀಯಾ? ತಗೊಂಡು ಹೋಗಿ ಇದ್ದಲ್ಲೇ ಇಡು."

ಅವಳು ಇಟ್ಟುಬರಲು ಇಳಿದಳು. ಫ್ರಿಜ್ಜಿನ ಮುಂದೆ ಮಗಳು ನಿಂತಿದ್ದಳು, ಕೈಯಲ್ಲಿ ತೆರೆದ ಡಬ್ಬಿ.

"ಇದರಲ್ಲಿ ಒಂದು ಉಳಿದಿತ್ತಲ್ಲಮ್ಮ?"

ಬೇಕರಿಯಮ್ಮ ಜೇಬಿನಿಂದ ತೆಗೆದು ಕೊಟ್ಟಳು. ಪೆನ್ನು ಅವಳ ಮೈಯಷ್ಟೇ ಬಿಸಿಯಾಗಿತ್ತು.

ಅವತ್ತು ಆ ಬೇಕರಿಯಲ್ಲಿ ಎದ್ದ ದನಿ ಟೀಚರಮ್ಮನ ಮನೆಗೂ ಕೇಳಿಸಿರಬೇಕು. ಮಗಳು ಆಸ್ಪತ್ರೆಗೆ ಫೋನು ಮಾಡಿದಳು. ಬರೀ ಹೊರಗಿದ್ದರೆ ಚಿಂತೆಯಿರಲಿಲ್ಲ, ಒಲೆಯ ಕಾವು ತಗುಲಿದ್ದನ್ನು ಹಾಕಿಕೊಳ್ಳಬೇಡಿ, ಎಸೆಯಿರಿ ಅಂದರು ನರ್ಸ್. ಡಬ್ಬಿಯಲ್ಲಿ ಉಳಿದಿದ್ದುದು ಅದೊಂದೇ. ವಿಮೆಯವರು ಮುಂದಿನ ಡಬ್ಬಿ ಕಳಿಸಲು ಇನ್ನೂ ಮೂರು ವಾರ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ಹೋದೆಯಲ್ಲಮ್ಮ!" ಮಗಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದಿತ್ತು. "ಅಪ್ಪನಿಗೆ ಯಾವ ಪರೀಕ್ಷೆಯೂ ಆಗಿಲ್ಲ. ಒಳಗೆ ಕ್ಷಯ ಇದ್ದಿದ್ರೆ? ಸತ್ತೇಹೋಗ್ತಿದ್ದ! ನನ್ನನ್ನಾದ್ರೂ ಕೇಳ್ಬಾರದಿತ್ತಾ?"

"ಕೇಳೋಕೆ ಮುಖ ಇರಲಿಲ್ಲ" ಅಂದಳು ಬೇಕರಿಯಮ್ಮ. 

ಮೂರನೇ ವಾರದ ಹೊತ್ತಿಗೆ ಮಗಳ ಉಂಗುರದ ಬೆರಳು ಮತ್ತೆ ಊದಿತು. ಅವಳು ತಾಯಿಯ ಜತೆ ಮಾತು ಬಿಟ್ಟಿದ್ದಳು. "ಟ್ರೇ", "ಉಪ್ಪು", "ಬಾಗಿಲು" ಅಂತ ಒಂಟಿ ಪದಗಳಲ್ಲಿ ಅಂಗಡಿ ನಡೆಯುತ್ತಿತ್ತು. ಬೇಕರಿಯಮ್ಮ ಅರವತ್ಮೂರರಲ್ಲಿ ಮತ್ತೆ ಮೇಜಿಗೆ ನಿಂತಳು. ಬನ್ನುಗಳು ಒಂದು ಆನೆ, ಒಂದು ಆಡು. ಗಿರಾಕಿಗಳು ಆರಿಸಿ ಆರಿಸಿ ದೊಡ್ಡದನ್ನೇ ಒಯ್ದರು.

ಆ ಶುಕ್ರವಾರ ಬೆಳಿಗ್ಗೆ ದೊರೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅಡ್ಡಡ್ಡ ಮೆಟ್ಟಿಲಿಳಿದು ಬಂದರು. ಹಿಂದೆ ಸ್ಕೂಲಿಗೆ ರಜೆ ಹಾಕಿದ ಗುಬ್ಬಿ.

"ಎಲ್ಲಿಗೆ?" ಅಂದರು ತಾಯಿ ಮಗಳು ಒಂದೇ ಉಸಿರಿಗೆ.

"ಆಸ್ಪತ್ರೆಗೆ. ನನ್ನ ಹೆಸರಲ್ಲೇ ಒಂದು ಡಬ್ಬಿ ಬರಲಿ" ಅಂದರು ದೊರೆ. "ಇಲ್ಲದಿದ್ರೆ ನಿಮ್ಮಮ್ಮ ಈ ವಯಸ್ಸಲ್ಲಿ ಕಳ್ಳತನ ಕಲೀತಾಳೆ."

ಮಗಳು ನಗಬಾರದು ಅಂತ ತುಟಿ ಕಚ್ಚಿದಳು. ಆಗಲಿಲ್ಲ. ಬೇಕರಿಯಮ್ಮನೂ ನಕ್ಕಳು, ನಗುತ್ತಾ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಬಿಳಿ ಮಾಡಿಕೊಂಡಳು. ಮಗಳು ಸೆರಗಿನ ತುದಿಯಲ್ಲಿ ಅದನ್ನು ಒರೆಸಿದಳು.

ರಕ್ತ ಪರೀಕ್ಷೆಯಲ್ಲಿ ದೊರೆಯ ಮೈಯೊಳಗೆ ಮಲಗಿದ್ದ ಕ್ಷಯ ಸಿಕ್ಕಿತು. ಕಾಯಿಲೆಯಲ್ಲ, ಆದರೆ ಎಬ್ಬಿಸಬಾರದು. ಮೊದಲು ಒಂದು ತಿಂಗಳು ಅದರ ಮಾತ್ರೆ, ಆಮೇಲೆ ಇಂಜೆಕ್ಷನ್, ಮಾತ್ರೆಯೂ ಜತೆಗೇ ಮುಂದುವರಿಯಬೇಕು ಅಂದರು ಡಾಕ್ಟರಮ್ಮ.  ಅವತ್ತು ಆ ಸೊಟ್ಟ ಬೆರಳುಗಳು ತನ್ನ ಮಣಿಕಟ್ಟು ಹಿಡಿಯದೇ ಇದ್ದಿದ್ದರೆ ಅಂತ ಬೇಕರಿಯಮ್ಮ ಆಮೇಲೆ ಎಷ್ಟೋ ರಾತ್ರಿ ಎದ್ದು ಕೂರುತ್ತಿದ್ದಳು. ಅಳಿಯನ ವಿಮೆ ಮಾವನಿಗೆ ಬರುವಂತಿರಲಿಲ್ಲ. ಅದೇ ಗುಣದ, ಬೇರೆ ಕಂಪನಿಯ ಅಗ್ಗದ ಔಷಧಿ ಇತ್ತು. ಅದರ ಖರ್ಚಿಗಾಗಿ, ಅಂಗಡಿಗೆ ಹೊಸ ಒಲೆ ಕೊಳ್ಳುವ ಮಾತನ್ನು ಬೇಕರಿಯಮ್ಮ ತಾನಾಗೇ ಮುಂದಕ್ಕೆ ಹಾಕಿದಳು. ಹಳೇ ಒಲೆ ಇನ್ನೂ ನಾಲ್ಕು ವರ್ಷ ಉರಿಯುತ್ತೆ ಅಂದಳು.

ಮಗಳಿಗೆ ಹೊಸ ಡಬ್ಬಿ ಬಂದು ಬೆರಳು ಮತ್ತೆ ದಾರಿಗೆ ಬಂತು. ದೊರೆಗೆ ಮಾತ್ರೆಯ ತಿಂಗಳು ಮುಗಿದು ಇಂಜೆಕ್ಷನ್ ಒಂದಾಯಿತು, ಎರಡಾಯಿತು. ನಡುವೆ ಕೆಮ್ಮು ಜ್ವರ ಬಂದು ಒಂದು ಇಂಜೆಕ್ಷನ್ ಹತ್ತು ದಿನ ತಡವಾಯಿತು. "ಏನಾದ್ರೂ ಗೊತ್ತಾಗ್ತಿದೆಯಾ?" ಅಂತ ಮನೆಯವರೆಲ್ಲ ಪಾಳಿಯ ಮೇಲೆ ಕೇಳುವರು. "ನೋಡೋಣ" ಅನ್ನುವರು ಅವರು. ಬೆರಳುಗಳು ಇದ್ದ ದಿಕ್ಕಿಗೇ ಇದ್ದವು. ಇಷ್ಟು ವರ್ಷ ತಡವಾದದ್ದಕ್ಕೆ ಯಾವ ಔಷಧಿ ಏನು ಮಾಡೀತು ಅಂತ ಬೇಕರಿಯಮ್ಮ ಮನಸ್ಸಿನಲ್ಲೇ ಆಸೆ ಬಿಟ್ಟಳು.

ನಾಲ್ಕನೇ ಇಂಜೆಕ್ಷನ್ ಆದ ಮೇಲಿನ ಒಂದು ಬೆಳಿಗ್ಗೆ, ಮೊದಲ ಹಿಟ್ಟನ್ನು ಉಬ್ಬಲು ಬಿಟ್ಟು ಮಗಳು ಟ್ರೇ ಜೋಡಿಸುವ ಸದ್ದು ಕೆಳಗಿಂದ ಬರುತ್ತಿತ್ತು. ಬೇಕರಿಯಮ್ಮ ಕಾಫಿ ಹಿಡಿದು ಕೋಣೆಗೆ ಬಂದರೆ ಅವರು ಮಂಚದ ಅಂಚಿನಲ್ಲಿ ಕೂತಿದ್ದರು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಮುಖವನ್ನು ಒಂದು ಥರ ಮಾಡಿಕೊಂಡು, ಅಲುಗಾಡದೆ. 

"ಏನಾಯ್ತು ರೀ?"

"ಏನೂ ಆಗ್ತಿಲ್ಲ."

"ಮತ್ಯಾಕೆ ಹೀಗೆ ಕೂತಿದೀರಿ? ಡಾಕ್ಟರಿಗೆ ಫೋನ್ ಮಾಡ್ಲಾ?"

"ಅದನ್ನೇ ಹೇಳ್ತಿದೀನಿ ಕಣೇ" ಅಂದರು ಅವರು. ದನಿ ಒಡೆದಿತ್ತು. "ಎದ್ದೆ. ಕಾಲು ಕೆಳಗಿಟ್ಟೆ. ಏನೂ ಆಗ್ಲಿಲ್ಲ. ನೋವಿಲ್ಲದಿದ್ರೆ ಹೇಗಿರುತ್ತೆ ಅನ್ನೋದೇ ಮರೆತುಹೋಗಿತ್ತು."

ಅವಳು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಪಕ್ಕದಲ್ಲಿ ಕೂತಳು. ಏನಾದರೂ ಹೇಳಬೇಕಿತ್ತು, ಬೀದಿಗೆಲ್ಲ ಸಾಲುವಷ್ಟು ಮಾತಿದ್ದ ಬಾಯಿ ಅದು.  ಅವರ ಕೈಯೆತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಅಮ್ಮಾ, ಹಿಟ್ಟು ಉಬ್ಬಿ ಡಬರಿಯಿಂದ ಈಚೆ ಬರ್ತಾ ಇದೆ!" ಕೆಳಗಿಂದ ಮಗಳು ಕೂಗಿದಳು. "ಬಾ ಬೇಗ!"

"ಬರಲಿ ಬಿಡು" ಅಂತ ಕೂಗಿ ಹೇಳಿ ಬೇಕರಿಯಮ್ಮ ಅಲ್ಲೇ ಕೂತಳು.